ಪೂನಕ ವಿಷಯ: ಊರ ಹೆಸರಿಗೆ ಆಧಾರ ಹುಡುಕುವ ಬಗೆ

ಪುಣೆಯಲ್ಲಿ ಸಂಸಾರ ಹೂಡಿರುವ ಕನ್ನಡಿಗರಾದ ನಮ್ಮ ಮನೆಗಳಿಗೆ ಇತಿಹಾಸವು ಎರಡು ಬಾಗಿಲುಗಳಿಂದ ಬರುತ್ತದೆ. ಮಕ್ಕಳು ಶಾಲೆಯಲ್ಲಿ ಶಿವಾಜಿ ಮಹಾರಾಜರ ಮತ್ತು ಪೇಶವೆಗಳ ಚರಿತ್ರೆಯನ್ನು ಓದಿ ಬರುತ್ತಾರೆ. ಮನೆಯಲ್ಲಿ ಅಜ್ಜ ಅಜ್ಜಿಯರ ಬಾಯಿಂದ ಪುಲಕೇಶಿ, ನೃಪತುಂಗ, ಕಿತ್ತೂರು ಚೆನ್ನಮ್ಮ ಎಂಬ ಹೆಸರುಗಳನ್ನು ಕೇಳುತ್ತಾರೆ. ಎರಡನ್ನೂ ಕೂಡಿಸಿ ನೋಡುವ ವಯಸ್ಸು ಬಂದಾಗ ಅವರು ಕೇಳುವ ಪ್ರಶ್ನೆ ಒಂದೇ: ಈ ಊರು ಮೊದಲು ಯಾರ ಆಳ್ವಿಕೆಯಲ್ಲಿತ್ತು? ನಮಗೂ ಇದಕ್ಕೂ ಏನು ಸಂಬಂಧ?

ಹಿಂದೆ ಇಂಥ ಪ್ರಶ್ನೆ ಎದ್ದರೆ ಬಲ್ಲ ಹಿರಿಯರನ್ನು ಕೇಳುತ್ತಿದ್ದೆವು, ಇಲ್ಲವೆ ಗ್ರಂಥಾಲಯದ ಮೆಟ್ಟಿಲು ಹತ್ತುತ್ತಿದ್ದೆವು. ಈಗ ಅಂಗೈಯಲ್ಲಿರುವ ಮೊಬೈಲನ್ನು ಕೇಳುತ್ತೇವೆ. ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಉತ್ತರ ಕೊಡುತ್ತದೆ. ತೊಂದರೆಯೆಂದರೆ ಅದು ಒಂದು ಉತ್ತರವನ್ನಲ್ಲ, ನೂರು ಉತ್ತರಗಳನ್ನು ಕೊಡುತ್ತದೆ. ನರ್ಮದೆಯ ದಂಡೆಯವರೆಗೆ ಎಲ್ಲವೂ ಕನ್ನಡನಾಡೇ ಆಗಿತ್ತೆಂದು ಒಂದು ಸಂದೇಶ ಸಾರಿದರೆ, ಚಾಲುಕ್ಯರೂ ರಾಷ್ಟ್ರಕೂಟರೂ ಮಹಾರಾಷ್ಟ್ರದ ಅರಸರೇ ಹೊರತು ಬೇರೆಯಲ್ಲವೆಂದು ಇನ್ನೊಂದು ಸಾರುತ್ತದೆ. ಎರಡೂ ಅಷ್ಟೇ ಗಟ್ಟಿ ದನಿಯಲ್ಲಿ ಮಾತಾಡುತ್ತವೆ. ಎರಡಕ್ಕೂ ಬರೆದವರ ಹೆಸರಿಲ್ಲ. ಅಂತೆ ಕಂತೆಗಳ ಈ ಸಂತೆಯಲ್ಲಿ ನಂಬಲರ್ಹವಾದುದನ್ನು ಆರಿಸಿಕೊಳ್ಳುವುದು ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ ಗಾದೆಯೇ ಇಲ್ಲಿ ದಾರಿ ತೋರಬಲ್ಲದು. ನಾವಿರುವ ಊರಿನ ಹೆಸರನ್ನೇ ಉದಾಹರಣೆಯಾಗಿ ಹಿಡಿದು ನೋಡೋಣ.

ಒಂದು ಊರು, ನೂರು ವರ್ಷಗಳ ಅಂತರ

ಪುಣೆಯ ಪ್ರಾಚೀನತೆಯನ್ನು ಕುರಿತು ಕಂಪ್ಯೂಟರಿನಲ್ಲಿ ಹುಡುಕಿದರೆ, ಈ ಪ್ರದೇಶದ ಹೆಸರು ರಾಷ್ಟ್ರಕೂಟರ ಎರಡು ತಾಮ್ರಪಟಗಳಲ್ಲಿ ಬಂದಿದೆ ಎಂಬ ಮಾತು ಹಲವೆಡೆ ಸಿಕ್ಕುತ್ತದೆ. ಆದರೆ ಅವುಗಳ ಕಾಲವನ್ನು ಕೆಲವರು ಕ್ರಿ.ಶ. 758 ಮತ್ತು 768 ಎಂದು ಬರೆದಿದ್ದರೆ, ಕೆಲವರು 858 ಮತ್ತು 868 ಎಂದು ಬರೆದಿದ್ದಾರೆ. ಒಬ್ಬರಿಂದ ಇನ್ನೊಬ್ಬರು ನಕಲು ಮಾಡಿದ್ದರಿಂದ ಎರಡು ಪಾಠಗಳೂ ಬೇಕಾದಷ್ಟು ಕಡೆ ಹರಡಿವೆ. ಇಲ್ಲಿ ತಲೆ ಎಣಿಸಿ ತೀರ್ಪು ಕೊಡುವಂತಿಲ್ಲ. ತಪ್ಪನ್ನು ನೂರು ಜನ ಹೇಳಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಹಾಗಾದರೆ ಸರಿ ಯಾವುದು? ಮೊದಲ ಪರೀಕ್ಷೆಯನ್ನು ಮನೆಯಲ್ಲಿಯೇ, ಮಕ್ಕಳ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಮಾಡಬಹುದು. ಈ ಪಟಗಳನ್ನು ಕೊಟ್ಟವನು ಒಂದನೆಯ ಕೃಷ್ಣ. ಎಲ್ಲೋರದ ಕೈಲಾಸನಾಥ ದೇವಾಲಯದೊಂದಿಗೆ ಸೇರಿಕೊಂಡಿರುವ ಹೆಸರು ಅವನದು. ಅವನು ಆಳಿದ್ದು ಸುಮಾರು 756ರಿಂದ 774ರವರೆಗೆ. 868ರಲ್ಲಿ ಪಟ್ಟದ ಮೇಲಿದ್ದವನು ಅಮೋಘವರ್ಷ ನೃಪತುಂಗ. 814ರಲ್ಲಿ ಪಟ್ಟವೇರಿ ಅರವತ್ತು ವರ್ಷಗಳಿಗೂ ಮಿಕ್ಕಿ ಆಳಿದವನು, ‘ಕವಿರಾಜಮಾರ್ಗ’ದ ಕಾಲದ ದೊರೆ. ಆದುದರಿಂದ ಒಂದೇ ವಾಕ್ಯದಲ್ಲಿ ಕೃಷ್ಣನ ಹೆಸರನ್ನೂ 868 ಎಂಬ ವರ್ಷವನ್ನೂ ಸೇರಿಸಿ ಬರೆದವರು ಎರಡರಲ್ಲಿ ಒಂದನ್ನು ಕೈಬಿಡಲೇಬೇಕು. ಹೆಸರಿಗೂ ವರ್ಷಕ್ಕೂ ತಾಳೆ ನೋಡುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ.

ಎರಡನೆಯ ಪರೀಕ್ಷೆ ಮೂಲಕ್ಕೆ ಹೋಗುವುದು. ಪುಣೆ ಜಿಲ್ಲೆಯ ತಳೇಗಾವದಲ್ಲಿ ದೊರೆತ ಕೃಷ್ಣನ ತಾಮ್ರಪಟದ ಪಾಠವು ಭಾರತೀಯ ಪುರಾತತ್ವ ಇಲಾಖೆಯ ‘ಎಪಿಗ್ರಾಫಿಯಾ ಇಂಡಿಕಾ’ ಎಂಬ ಶಾಸನಮಾಲೆಯ ಹದಿಮೂರನೆಯ ಸಂಪುಟದಲ್ಲಿ, 1915-16ರಲ್ಲಿ ಅಚ್ಚಾಗಿದೆ. ಅದರಲ್ಲಿರುವ ಕಾಲ ಶಕ ವರ್ಷ 690. ನಮ್ಮ ಪಂಚಾಂಗದ ಶಾಲಿವಾಹನ ಶಕವೇ ಇದು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆಂಬುದು ಸಾಮಾನ್ಯ ಲೆಕ್ಕ. 690ಕ್ಕೆ 78 ಕೂಡಿಸಿದರೆ 768. ಅಲ್ಲಿಗೆ ವಾದ ಮುಗಿಯಿತು. ನೂರು ವರ್ಷಗಳ ಅಂತರವನ್ನು ತೀರ್ಮಾನಿಸಲು ನಮಗೆ ಬೇಕಾದುದು ಒಂದು ಪುಟ ಮತ್ತು ಒಂದು ಕೂಡುವ ಲೆಕ್ಕ, ಅಷ್ಟೆ.

ಮೂಲಕ್ಕೆ ಹೋದವರಿಗೆ ಬೇರೊಂದು ಲಾಭವೂ ಉಂಟು. ಆ ಪಟವನ್ನು ಹೊರಡಿಸಿದಾಗ ಕೃಷ್ಣನು ಪುಣೆಯಲ್ಲಿರಲಿಲ್ಲ, ಎಲ್ಲೋರದಲ್ಲಿಯೂ ಇರಲಿಲ್ಲ. ಗಂಗರ ಮೇಲೆ ದಂಡೆತ್ತಿ ಹೋಗಿ ಗಂಗವಾಡಿಯ ಮಣ್ಣೆಯಲ್ಲಿ ಬೀಡುಬಿಟ್ಟಿದ್ದನು. ಗಂಗ ಶ್ರೀಪುರುಷನ ರಾಜಧಾನಿಯಾಗಿದ್ದ ಈ ಮಾನ್ಯಪುರವೇ ಬೆಂಗಳೂರಿನ ಬಳಿ ನೆಲಮಂಗಲ ತಾಲೂಕಿನಲ್ಲಿರುವ ಇಂದಿನ ಮಣ್ಣೆ ಗ್ರಾಮ. ಅಂದರೆ ಪುಣೆಯ ನಾಡಿನ ಹೆಸರನ್ನು ಹೊತ್ತ ಅತಿ ಹಳೆಯ ದಾಖಲೆಗಳಲ್ಲೊಂದು ಹೊರಟದ್ದು ನೆಲಮಂಗಲ ಸೀಮೆಯ ದಂಡಿನ ಬೀಡಿನಿಂದ! ಇಂದು ಬೆಂಗಳೂರಿನಿಂದ ಪುಣೆಗೆ ಬರುವ ನಮ್ಮ ಬಸ್ಸುಗಳು ನೆಲಮಂಗಲವನ್ನು ದಾಟಿಯೇ ಬರುತ್ತವೆ. ನಕಲು ಮಾಡಿದ ಸಂದೇಶಗಳಲ್ಲಿ ಇಂಥ ಸ್ವಾರಸ್ಯ ಸಿಕ್ಕುವುದಿಲ್ಲ. ಅವುಗಳಲ್ಲಿ ಉಳಿದಿರುವುದು ಒಂದು ಹೆಸರು, ಒಂದು ತಪ್ಪು ವರ್ಷ.

ಪಟ ಹೇಳುವುದೇನು, ಹೇಳದಿರುವುದೇನು

ಆಧಾರ ಸಿಕ್ಕಿತೆಂದು ಹಿಗ್ಗಿ ಅದರ ಬಾಯಲ್ಲಿ ನಮ್ಮ ಮಾತನ್ನು ತುರುಕಬಾರದು. ‘ವಿಷಯ’ ಎಂದರೆ ಆ ಕಾಲದ ಆಡಳಿತದ ಒಂದು ವಿಭಾಗ, ಇಂದಿನ ಜಿಲ್ಲೆಯ ಹಾಗೆ. ‘ಪೂನಕ ವಿಷಯ’ ಎಂದು ಪಟದಲ್ಲಿದೆಯೆಂದರೆ, 768ರಲ್ಲಿ ಆ ಹೆಸರಿನ ಆಡಳಿತ ವಿಭಾಗವಿತ್ತು, ಅಲ್ಲಿಯ ಊರನ್ನು ದಾನ ಕೊಡುವ ಅಧಿಕಾರ ರಾಷ್ಟ್ರಕೂಟ ದೊರೆಗಿತ್ತು ಎಂದಷ್ಟೇ ಸಿದ್ಧವಾಗುತ್ತದೆ. ಆ ವಿಷಯದ ಜನ ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರೆಂಬುದನ್ನು ಪಟ ಹೇಳುವುದಿಲ್ಲ. ಪಟದ ಭಾಷೆ ಸಂಸ್ಕೃತ. ಅದನ್ನು ಹಿಡಿದುಕೊಂಡು ಪುಣೆ ಕನ್ನಡದ ಊರಾಗಿತ್ತೆಂದು ಸಾಧಿಸಲು ಹೊರಟರೆ, ನಾವೂ ಆ ಹೆಸರಿಲ್ಲದ ಸಂದೇಶ ಬರೆದವರ ಸಾಲಿಗೇ ಸೇರುತ್ತೇವೆ.

ರಾಷ್ಟ್ರಕೂಟರು ಯಾರವರು ಎಂಬ ಪ್ರಶ್ನೆಯೂ ಹೀಗೆಯೇ. ತಾವು ಲತ್ತಲೂರು ಎಂಬ ಊರಿನ ಒಡೆಯರೆಂದು ಅವರು ಬಿರುದು ಧರಿಸಿದ್ದರು. ವಿದ್ವಾಂಸರು ಅದನ್ನು ಇಂದಿನ ಮಹಾರಾಷ್ಟ್ರದ ಲಾತೂರೆಂದು ಗುರುತಿಸುತ್ತಾರೆ. ಅವರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವರ ಆಸ್ಥಾನದಲ್ಲಿ ಕನ್ನಡಕ್ಕೆ ಮನ್ನಣೆಯಿತ್ತು. ಕನ್ನಡದ ನಮಗೆ ದೊರೆತಿರುವ ಮೊದಲ ಗ್ರಂಥ ಹುಟ್ಟಿದ್ದು ಅವರ ಆಶ್ರಯದಲ್ಲಿ. ದೂರದ ಮಧ್ಯಪ್ರದೇಶದ ಜಬಲಪುರ ಸೀಮೆಯ ಜೂರಾ ಎಂಬಲ್ಲಿ ಮೂರನೆಯ ಕೃಷ್ಣನ ಕನ್ನಡ ಶಾಸನವೇ ಇದೆ. ಇದಕ್ಕೆ ಜೋಡಿಯಾಗಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಮರಾಠಿಯ ಬಹು ಹಳೆಯ ಬರಹಗಳಲ್ಲಿ ಒಂದೆಂದು ಎಣಿಸುವ ಸಾಲು ಇರುವುದು ನಮ್ಮ ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಪಾದದ ಬಳಿ. ಅಲ್ಲಿ ಚಾವುಂಡರಾಯನ ಹೆಸರು ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಕೆತ್ತಲ್ಪಟ್ಟಿದೆ. ಇಂದಿನ ರಾಜ್ಯಗಳ ಗಡಿಗೆರೆಯನ್ನು ಎಂಟನೆಯ ಶತಮಾನದ ಮೇಲೆ ಎಳೆದರೆ ಅದು ಎಲ್ಲಿಯೂ ನೆಟ್ಟಗೆ ಕೂಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ತಾಮ್ರಪಟವೆಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಕೆಂದೂ ಅಲ್ಲ. ಭೂಮಿಯ ಆಸೆಗೆ ಹಿಂದಿನವರೂ ಖೊಟ್ಟಿ ಪಟಗಳನ್ನು ಸೃಷ್ಟಿಸಿದ್ದುಂಟು. ಗಂಗರ ಅನೇಕ ತಾಮ್ರಪಟಗಳು ಕೃತಕವೆಂದು ಫ್ಲೀಟ್ ಸಾಹೇಬರು ವಾದಿಸಿದರೆ, ಅವುಗಳ ಪರವಾಗಿ ರೈಸ್ ಸಾಹೇಬರು ನಿಂತರು. ವರ್ಷಗಟ್ಟಲೆ ನಡೆದ ಆ ವಾದದಲ್ಲಿ ಅಕ್ಷರದ ಆಕಾರ, ತಿಥಿ, ವಾರ, ಗ್ರಹಣ, ವಂಶಾವಳಿ ಎಲ್ಲವನ್ನೂ ಒರೆಗೆ ಹಚ್ಚಿ ನೋಡಿದರು. ಮೂಲವನ್ನೂ ಪರೀಕ್ಷಿಸುವವರಿದ್ದಾರೆ ಎಂಬ ಭರವಸೆಯಿಂದಲೇ ಇತಿಹಾಸಕ್ಕೆ ಬೆಲೆ ಬಂದಿದೆ.

ನಮ್ಮ ನಾಡಿನ ಕಾಗದಗಳು ಈ ಊರಿನಲ್ಲಿ

ಆಧಾರ ಹುಡುಕುವ ಈ ಪರಿಪಾಠಕ್ಕೆ ಪುಣೆ ತವರುಮನೆಯಿದ್ದಂತೆ. ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ರಾಮಕೃಷ್ಣ ಗೋಪಾಳ ಭಾಂಡಾರಕರರು 1884ರಲ್ಲಿ ದಖ್ಖನದ ಪ್ರಾಚೀನ ಇತಿಹಾಸವನ್ನು ಶಾಸನಗಳ ಆಧಾರದಿಂದ ಬರೆದರು. ಅದಕ್ಕೆ ಎರಡು ವರ್ಷ ಮೊದಲು ಫ್ಲೀಟರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಬರೆದಿದ್ದರು. 1896ರಲ್ಲಿ ಮುಂಬಯಿ ಗೆಜೆಟಿಯರಿನ ಮೊದಲ ಸಂಪುಟದ ಎರಡನೆಯ ಭಾಗ ಪ್ರಕಟವಾದಾಗ, ಈ ಎರಡು ಕೃತಿಗಳೂ ಪರಿಷ್ಕಾರಗೊಂಡು ಒಂದೇ ರಟ್ಟಿನ ನಡುವೆ ಅಚ್ಚಾದವು. ಮರಾಠಿ ನಾಡಿನ ಪ್ರಾಚೀನ ಚರಿತ್ರೆಯೂ ಕನ್ನಡ ನಾಡಿನ ಪ್ರಾಚೀನ ಚರಿತ್ರೆಯೂ ಅಂದು ಒಂದೇ ಪುಸ್ತಕದ ಎರಡು ಅಧ್ಯಾಯಗಳಾಗಿದ್ದುವೆಂಬುದು ಇಂದಿನ ಜಗಳಗಂಟರು ನೆನಪಿಡಬೇಕಾದ ಮಾತು.

1910ರಲ್ಲಿ ವಿಶ್ವನಾಥ ಕಾಶಿನಾಥ ರಾಜವಾಡೆಯವರು ಮತ್ತು ಅವರ ಸಂಗಡಿಗರು ಇಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಕಟ್ಟಿದರು. 1917ರಲ್ಲಿ ಭಾಂಡಾರಕರರ ಹೆಸರಿನ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಸ್ಥಾಪನೆಯಾಯಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಉತ್ತರ ಕರ್ನಾಟಕದ ಹುಡುಗರು ಕಾಲೇಜು ಕಲಿಯಲು ಪುಣೆಗೋ ಮುಂಬಯಿಗೋ ಬರಬೇಕಿತ್ತು. ಹಾಗೆ ಬಂದು ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದವರಲ್ಲಿ ಆಲೂರು ವೆಂಕಟರಾಯರೂ ಒಬ್ಬರು. ಊರಿಗೆ ಮರಳಿದ ಅವರು 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳಕ್ಕೆ ಕಾರಣರಾದರು. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದರು. ಏಕೀಕರಣಕ್ಕೆ ಬೀಜ ಬಿತ್ತಿದ ಕನ್ನಡಿಗ ಶಾಸನಗಳನ್ನು ಓದಿಯೇ ಮಾತಾಡಿದನೆಂಬುದು ಹೊರನಾಡಿನಲ್ಲಿರುವ ನಮಗೆ ಹೆಮ್ಮೆಯ ಜೊತೆಗೆ ಒಂದು ಹೊಣೆಯನ್ನೂ ಹೊರಿಸುತ್ತದೆ.

ಇನ್ನು ಪೇಶವೆ ದಫ್ತರ. 1891ರಿಂದ ತನ್ನದೇ ಕಟ್ಟಡದಲ್ಲಿರುವ ಈ ಪತ್ರಾಗಾರದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಸಾವಿರಾರು ರುಮಾಲುಗಳಿವೆ. ಹೆಚ್ಚಿನವು ಮೋಡಿ ಲಿಪಿಯವು. ಪೇಶವೆಗಳ ಆಡಳಿತ ತುಂಗಭದ್ರೆಯ ಕಡೆಗೂ ಚಾಚಿತ್ತಾದ್ದರಿಂದ ಧಾರವಾಡ, ಬಾದಾಮಿ, ಬೆಳಗಾವಿ ಸೀಮೆಗಳ ವತನ, ಇನಾಮು, ತೆರಿಗೆಗಳ ಲೆಕ್ಕವೂ ಇಲ್ಲಿಗೇ ಸೇರಿತು. ಮುಂದೆ ಇಂಗ್ಲಿಷರ ಇನಾಮು ಕಮಿಷನ್ ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ನಮ್ಮ ಭಾಗದಲ್ಲಿ ವಿಚಾರಣೆ ನಡೆಸಿದಾಗ ಇನ್ನಷ್ಟು ಕಾಗದಗಳು ಕೂಡಿದವು. ಗೋವಿಂದ ಸಖಾರಾಮ ಸರದೇಸಾಯಿಯವರು 1930ರಿಂದ 1934ರವರೆಗೆ ಈ ದಫ್ತರದಿಂದ ಆರಿಸಿದ ಪತ್ರಗಳನ್ನು 45 ಸಂಪುಟಗಳಲ್ಲಿ ಹೊರತಂದರು. ಅಷ್ಟಾದರೂ ಅದು ಸಮುದ್ರದಿಂದ ಎತ್ತಿದ ಒಂದು ಕೊಡ ನೀರು. ನಮ್ಮಲ್ಲಿ ಎಷ್ಟೋ ಜನರ ಅಡ್ಡಹೆಸರು ದೇಶಪಾಂಡೆ, ದೇಸಾಯಿ, ಇನಾಮದಾರ, ಕುಲಕರ್ಣಿ. ಆ ಹೆಸರುಗಳ ಹಿಂದಿನ ಸನದುಗಳ ಸುಳಿವು ನಾವು ದಿನವೂ ಓಡಾಡುವ ರಸ್ತೆಯ ಪಕ್ಕದ ಕಟ್ಟಡದಲ್ಲೇ ಇರಬಹುದು.

ಆದರೆ ಕಾಗದ ನಾಶವಾಗುವ ವಸ್ತು. 2004ರ ಜನವರಿ 5ರಂದು, ಶಿವಾಜಿ ಮಹಾರಾಜರನ್ನು ಕುರಿತ ಒಂದು ಇಂಗ್ಲಿಷ್ ಪುಸ್ತಕದ ಮೇಲಿನ ಕೋಪದಿಂದ ಗುಂಪೊಂದು ಭಾಂಡಾರಕರ ಸಂಸ್ಥೆಗೆ ನುಗ್ಗಿ ದಾಂಧಲೆ ಮಾಡಿತು; ಗ್ರಂಥಗಳಿಗೂ ಹಸ್ತಪ್ರತಿಗಳಿಗೂ ಹಾನಿಯಾಯಿತು. ಯಾವ ಪುಸ್ತಕದ ಮಾತು ತಪ್ಪೆಂದು ಸಿಟ್ಟು ಬಂದಿತ್ತೋ ಅದನ್ನು ತಿದ್ದಲು ಬೇಕಾದ ಆಧಾರಗಳು ಇರುವುದೇ ಇಂಥ ಕಪಾಟುಗಳಲ್ಲಿ. ಸುಳ್ಳು ಮಾತು ಬರೀ ಮನೋರಂಜನೆಯಲ್ಲ, ಅದಕ್ಕೆ ಸಿಟ್ಟು ಸೇರಿದರೆ ಏನಾಗಬಲ್ಲದೆಂಬುದನ್ನು ಈ ಊರು ಕಣ್ಣಾರೆ ಕಂಡಿದೆ.

ಮನೆಯಲ್ಲಿ ಕುಳಿತು ನೋಡುವುದು ಹೇಗೆ?

ಸಂತೋಷದ ಸಂಗತಿಯೆಂದರೆ, ಹಿಂದೆ ದೊಡ್ಡ ವಿದ್ವಾಂಸರಿಗೆ ಮಾತ್ರ ಎಟಕುತ್ತಿದ್ದ ಮೂಲಗಳಲ್ಲಿ ಬಹಳಷ್ಟನ್ನು ಇಂದು ಗೃಹಿಣಿಯರೂ ವಿದ್ಯಾರ್ಥಿಗಳೂ ಖರ್ಚಿಲ್ಲದೆ ನೋಡಬಹುದು. ಕೇಂದ್ರ ಸರಕಾರದ ಸಂಸ್ಕೃತಿ ಸಚಿವಾಲಯ 2019ರಲ್ಲಿ ಆರಂಭಿಸಿದ ‘ಇಂಡಿಯನ್ ಕಲ್ಚರ್’ ಎಂಬ ಜಾಲತಾಣದಲ್ಲಿ ಹಳೆಯ ಅಪರೂಪದ ಗ್ರಂಥಗಳು ಪುಟಪುಟವಾಗಿ ಚಿತ್ರರೂಪದಲ್ಲಿವೆ. ‘ಇಂಟರ್ನೆಟ್ ಆರ್ಕೈವ್’ ಎಂಬ ಜಾಲಭಂಡಾರದಲ್ಲಿ ‘ಎಪಿಗ್ರಾಫಿಯಾ ಇಂಡಿಕಾ’ದ ಸಂಪುಟಗಳೂ ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳೂ ಸಿಗುತ್ತವೆ. ರೈಸರು 1886ರಿಂದ ಹೊರತಂದ ಆ ಮಾಲೆಯಲ್ಲಿ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಮಣ್ಣೆಯ ಶಾಸನಗಳನ್ನು ಅದರಲ್ಲಿ ನೋಡಬೇಕು. ಬೆಳಗಾವಿ, ಧಾರವಾಡ, ವಿಜಾಪುರಗಳ ಕಡೆಯವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಹನ್ನೊಂದನೆಯ ಮತ್ತು ಹದಿನೈದನೆಯ ಸಂಪುಟಗಳನ್ನು ನೋಡಬಹುದು; ಅವು ಮುಂಬಯಿ ಕರ್ನಾಟಕದ ಶಾಸನಗಳಿಗೇ ಮೀಸಲು. ಮಹಾರಾಷ್ಟ್ರ ಸರಕಾರದ ಗೆಜೆಟಿಯರ್ ಇಲಾಖೆ ಹಳೆಯ ಗೆಜೆಟಿಯರುಗಳನ್ನು ಜಾಲಕ್ಕೆ ಏರಿಸಿದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಕಡತಗಳ ಸೂಚಿಯನ್ನು ‘ಅಭಿಲೇಖ್ ಪಟಲ್’ ಎಂಬ ತಾಣದಲ್ಲಿ ಹುಡುಕಬಹುದು.

ಇವುಗಳನ್ನು ನೋಡುವಾಗ ಪುಸ್ತಕ ಅಚ್ಚಾದ ವರ್ಷವನ್ನು ಮೊದಲು ಗಮನಿಸುವುದು ಒಳ್ಳೆಯದು. ಪುಣೆ ಜಿಲ್ಲೆಯ ಹಳೆಯ ಗೆಜೆಟಿಯರು 1885ರದು. ತಳೇಗಾವದ ಪಟದ ಪಾಠ ಅಚ್ಚಾದದ್ದು ಅದಾದ ಮೂವತ್ತು ವರ್ಷಗಳ ಮೇಲೆ. ಗೆಜೆಟಿಯರಿನಲ್ಲಿ ಪಟದ ಚರ್ಚೆಯಿಲ್ಲವೆಂದು ಪಟವನ್ನೇ ಅಲ್ಲಗಳೆಯಲಾಗದು. ಅದಲ್ಲದೆ ಗೆಜೆಟಿಯರು ಆಳುವವರು ತಮ್ಮ ಆಡಳಿತದ ಅನುಕೂಲಕ್ಕೆ ಬರೆಸಿದ್ದು. ಅದರ ಅಂಕಿ ಅಂಶಗಳು ಬೆಲೆಯುಳ್ಳವಾದರೂ ನಮ್ಮ ಜನರ ಜಾತಿ, ನಡತೆಗಳ ಮೇಲೆ ಅದು ಹೇಳುವ ಅಭಿಪ್ರಾಯಗಳನ್ನು ಹಾಗೆಯೇ ನುಂಗಬೇಕಾಗಿಲ್ಲ.

ವಿಕಿಪೀಡಿಯಾದಂಥ ವಿಶ್ವಕೋಶಗಳನ್ನು ಬಿಟ್ಟುಬಿಡಬೇಕೆ? ಬೇಡ. ಅವು ದಾರಿಯಲ್ಲಿ ನೆಟ್ಟ ಕೈಮರಗಳು. ಕೈಮರವನ್ನು ನೋಡಿ ಮುಂದೆ ನಡೆಯಬೇಕು. ಅದನ್ನೇ ಊರೆಂದು ತಿಳಿದು ಅಲ್ಲಿಯೇ ಗಂಟುಮೂಟೆ ಇಳಿಸಬಾರದು. ವಾಕ್ಯದ ಕೊನೆಯಲ್ಲಿರುವ ಪುಟ್ಟ ಅಂಕೆಯನ್ನು ಒತ್ತಿದರೆ ಆಧಾರದ ಹೆಸರು ಕಾಣುತ್ತದೆ. ಅಲ್ಲಿ ಶಾಸನಸಂಪುಟವೋ ವಿದ್ವಾಂಸರ ಗ್ರಂಥವೋ ಇದ್ದರೆ ಒಂದು ಬೆಲೆ, ಪ್ರವಾಸ ಕಂಪನಿಯ ಜಾಹೀರಾತಿದ್ದರೆ ಇನ್ನೊಂದು ಬೆಲೆ, ಏನೂ ಇಲ್ಲದಿದ್ದರೆ ಗಾಳಿಸುದ್ದಿಯ ಬೆಲೆ. ಈಚೆಗೆ ಯಂತ್ರಗಳೇ ಉತ್ತರವನ್ನು ಹೆಣೆದು ಅಚ್ಚುಕಟ್ಟಾದ ಭಾಷೆಯಲ್ಲಿ ಬಡಿಸುತ್ತಿವೆ. ಭಾಷೆಯ ಅಂದಕ್ಕೆ ಮರುಳಾಗದೆ ಅವುಗಳನ್ನೂ ಕೇಳಬೇಕು: ಇದಕ್ಕೆ ಆಧಾರವೇನು? ಹೇಳಿದ ಆಧಾರ ನಿಜವಾಗಿಯೂ ಇದೆಯೇ ಎಂದು ತೆರೆದೂ ನೋಡಬೇಕು.

ಸರಕಾರದ ಮಾತು

ಇತಿಹಾಸದಲ್ಲಿ ವರ್ಷ ತಪ್ಪಿದರೆ ನಗೆಪಾಟಲಾಗಬಹುದು. ಆದರೆ ಸರಕಾರದ ವಿಚಾರದಲ್ಲಿ ತಪ್ಪು ತಿಳಿದರೆ ನಮ್ಮ ಹಕ್ಕಿಗೇ ಪೆಟ್ಟು ಬೀಳುತ್ತದೆ. ಮೂರು ಸಂಗತಿಗಳನ್ನು ಮಾತ್ರ ನೋಡೋಣ.

ಮೊದಲನೆಯದು ನಾಡಿನ ರಚನೆ. 1956ರಲ್ಲಿ ಧಾರವಾಡ, ಬೆಳಗಾವಿಗಳು ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಬಂದವೆಂದು ಎರಡು ಭಾಷೆಗಳವರೂ ಬರೆಯುತ್ತಾರೆ. ಅಂದು ಮಹಾರಾಷ್ಟ್ರವೆಂಬ ರಾಜ್ಯವೂ ಇರಲಿಲ್ಲ, ಕರ್ನಾಟಕವೆಂಬ ರಾಜ್ಯವೂ ಇರಲಿಲ್ಲ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಮಹಾರಾಷ್ಟ್ರ ರಾಜ್ಯ ಹುಟ್ಟಿದ್ದು 1960ರ ಮೇ 1ರಂದು. ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆದದ್ದು 1973ರ ನವೆಂಬರ್ 1ರಂದು. ಯಾವ ಯಾವ ಪ್ರದೇಶ ಸೇರಿತೆಂಬುದು 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಏಳನೆಯ ಕಲಮಿನಲ್ಲಿ ಹೆಸರು ಹೆಸರಾಗಿ ಇದೆ. ಬೆಳಗಾವಿ ಜಿಲ್ಲೆಯಲ್ಲಿ ಚಂದಗಡ ತಾಲೂಕನ್ನು ಬಿಟ್ಟು, ದಕ್ಷಿಣ ಕನ್ನಡದಲ್ಲಿ ಕಾಸರಗೋಡನ್ನು ಬಿಟ್ಟು, ಬೀದರದಲ್ಲಿ ಉದಗೀರ, ನಿಲಂಗಾ, ಅಹಮದಪುರಗಳನ್ನು ಬಿಟ್ಟು, ಹೀಗೆ. ಕಾಯಿದೆಗಳ ಪೂರ್ಣ ಪಾಠವನ್ನು ಸರಕಾರದ ‘ಇಂಡಿಯಾ ಕೋಡ್’ ತಾಣದಲ್ಲಿ ಓದಬಹುದು. ಗಡಿಯ ವಿವಾದಕ್ಕೆ ಬಂದರೆ, 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು; 2004ರಲ್ಲಿ ಮಹಾರಾಷ್ಟ್ರ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ನೆರೆಹೊರೆಯಲ್ಲಿ ಮರಾಠಿ ಸ್ನೇಹಿತರೊಡನೆ ಬಾಳುವ ನಮ್ಮಂಥವರು ಈ ವಿಷಯದಲ್ಲಿ ಬಾಯಿ ತೆರೆಯುವ ಮುಂಚೆ ಎರಡೂ ಕಡೆಯವರ ಸಾರಾಂಶವನ್ನು ಬದಿಗಿಟ್ಟು ವರದಿಯನ್ನೇ ಓದುವುದು ಕ್ಷೇಮ.

ಎರಡನೆಯದು ಭಾಷೆಯ ಹಕ್ಕು. ಹಿಂದಿ ನಮ್ಮ ‘ರಾಷ್ಟ್ರಭಾಷೆ’ಯೆಂದು ಸಂವಿಧಾನದಲ್ಲಿದೆ ಎಂದು ಹೇಳುವವರುಂಟು. ಸಂವಿಧಾನದ 343ನೆಯ ವಿಧಿ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆಯೆಂದು ಕರೆದಿದೆಯೇ ಹೊರತು ರಾಷ್ಟ್ರಭಾಷೆಯೆಂಬ ಪದ ಅಲ್ಲಿಲ್ಲ. ಅದೇ ರೀತಿ, ಹೊರನಾಡಿನ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲೇಬೇಕೆಂದು ಸಂವಿಧಾನ ಕಟ್ಟಪ್ಪಣೆ ಮಾಡಿದೆಯೆಂದು ನಮ್ಮವರೇ ಕೆಲವರು ವಾದಿಸುತ್ತಾರೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350-ಎ ವಿಧಿಯನ್ನು ಓದಿದರೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸತಕ್ಕದ್ದು ಎಂದಿದೆ. ‘ಪ್ರಯತ್ನ’ ಎಂಬ ಆ ಒಂದು ಮಾತನ್ನು ಬಿಟ್ಟು ಅರ್ಜಿ ಬರೆದರೆ ಕಚೇರಿಯಲ್ಲಿ ಕೂತ ಅಧಿಕಾರಿ ಅದ‌ನ್ನೇ ತೋರಿಸಿ ಅರ್ಜಿ ಹಿಂದಿರುಗಿಸಬಲ್ಲ. ಇದ್ದುದನ್ನು ಇದ್ದ ಹಾಗೆ ಉದ್ಧರಿಸಿ, ಅದರ ಮುಂದಿನ 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿಯೇ ವಿಶೇಷ ಅಧಿಕಾರಿಯೊಬ್ಬರಿದ್ದಾರೆಂದು ನೆನಪಿಸಿದರೆ ಅರ್ಜಿಗೆ ತೂಕ ಬರುತ್ತದೆ.

ಮೂರನೆಯದು ಲೆಕ್ಕ. ಮಹಾರಾಷ್ಟ್ರದಲ್ಲಿ ಕನ್ನಡಿಗರೆಷ್ಟು ಎಂಬುದಕ್ಕೆ ಬಾಯಿಗೆ ಬಂದ ಅಂಕಿ ಹೇಳುವವರೇ ಹೆಚ್ಚು. 2021ರ ಜನಗಣತಿಯ ಪ್ರಕಾರ ಇಷ್ಟು ಎಂದು ಯಾರಾದರೂ ಬರೆದಿದ್ದರೆ ಅದನ್ನು ಅಲ್ಲಿಗೇ ಮಡಚಿಡಬಹುದು. 2021ರಲ್ಲಿ ಜನಗಣತಿ ನಡೆಯಲೇ ಇಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಕನ್ನಡಿಗರ ಸಂಖ್ಯೆ 4,37,06,512. ಅವರಲ್ಲಿ ಸುಮಾರು ಹತ್ತು ಲಕ್ಷ ಜನ ಮಹಾರಾಷ್ಟ್ರದವರು. ಜನಗಣತಿಯ ತಾಣದಲ್ಲಿ ಸಿ-16 ಎಂಬ ಪಟ್ಟಿಯಲ್ಲಿ ಜಿಲ್ಲಾವಾರು ಲೆಕ್ಕವೂ ಇದೆ. ಈ ಅಂಕಿಗಳು ಹುಟ್ಟುವುದು ನಮ್ಮದೇ ಬಾಗಿಲಲ್ಲಿ ಎಂಬುದನ್ನು ಮರೆಯಬಾರದು. ಎಣಿಕೆದಾರರು ಬಂದು ಮಾತೃಭಾಷೆ ಯಾವುದೆಂದು ಕೇಳಿದಾಗ ಅವಸರಕ್ಕೆ ಏನೋ ಒಂದು ಬರೆಸಿದರೆ, ನಾಳೆಯ ಇತಿಹಾಸಕಾರನಿಗೆ ನಾವೇ ತಪ್ಪು ಆಧಾರ ಒದಗಿಸಿದಂತಾಗುತ್ತದೆ. 2027ರ ಜನಗಣತಿಯನ್ನು ಸರಕಾರ 2025ರಲ್ಲಿಯೇ ಘೋಷಿಸಿದೆ. ಮನೆಯಲ್ಲಿ ಕನ್ನಡ ಆಡುವವರು ಕನ್ನಡವೆಂದೇ ಬರೆಸಬೇಕು.

ನಾವು ಮಾಡಬಹುದಾದುದು

ಇಷ್ಟೆಲ್ಲ ಹೇಳಿದ್ದರ ತಾತ್ಪರ್ಯ ಪ್ರತಿ ಮನೆಯವರೂ ಶಾಸನತಜ್ಞರಾಗಬೇಕೆಂದಲ್ಲ. ಒಂದು ಮಾತು ಕಿವಿಗೆ ಬಿದ್ದಾಗ ಅದನ್ನು ಹತ್ತು ಜನಕ್ಕೆ ರವಾನಿಸುವ ಮುಂಚೆ ಮೂರು ಪ್ರಶ್ನೆ ಕೇಳಿದರೆ ಸಾಕು: ಹೇಳಿದವರು ಯಾರು? ಹೆಸರಿಗೂ ವರ್ಷಕ್ಕೂ ತಾಳೆ ಇದೆಯೇ? ಮೂಲದ ಪಾಠದಲ್ಲಿ ಏನಿದೆ? ಈ ಮೂರನ್ನು ದಾಟಿ ಬಂದ ಮಾತನ್ನು ಧೈರ್ಯವಾಗಿ ಹೇಳಬಹುದು, ಕನ್ನಡಿಗರ ಮುಂದೆಯೂ ಮರಾಠಿಗರ ಮುಂದೆಯೂ.

ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ ಹೋಗಿ ಬನ್ನಿ. ಎಂಟನೆಯ ಶತಮಾನದ ರಾಷ್ಟ್ರಕೂಟರ ಕಾಲದ್ದೆಂದು ವಿದ್ವಾಂಸರು ಹೇಳುವ ಆ ಗುಹಾಲಯದ ನಂದಿಮಂಟಪದ ಬಳಿ ಕುಳಿತು ಅವರಿಗೆ ಪೂನಕ ವಿಷಯದ ಕಥೆ ಹೇಳಿ. ಮನೆಗೆ ಬಂದ ಮೇಲೆ ಹದಿಮೂರನೆಯ ಸಂಪುಟವನ್ನು ಕಂಪ್ಯೂಟರಿನಲ್ಲಿ ತೆರೆದು ಶಕ 690 ಎಂಬುದನ್ನು ಅವರ ಕೈಯಲ್ಲೇ ಹುಡುಕಿಸಿ, 78 ಕೂಡಿಸಲು ಹೇಳಿ. ನಮ್ಮ ಸಂಘಗಳೂ ಕನ್ನಡ, ಮರಾಠಿ ಬಲ್ಲ ತರುಣರಿಗೆ ಮೋಡಿ ಮತ್ತು ಹಳಗನ್ನಡ ಲಿಪಿಗಳನ್ನು ಕಲಿಸುವ ವರ್ಗಗಳನ್ನು ನಡೆಸಿದರೆ, ಪೇಶವೆ ದಫ್ತರದಲ್ಲಿ ಬಿಚ್ಚದೆ ಉಳಿದಿರುವ ನಮ್ಮ ಸೀಮೆಯ ರುಮಾಲುಗಳಿಗೆ ಓದುಗರು ದೊರೆತಾರು. ಎರಡು ಭಾಷೆ ಬಲ್ಲ ನಮ್ಮ ಮಕ್ಕಳಿಗಿಂತ ಆ ಕೆಲಸಕ್ಕೆ ತಕ್ಕವರು ಬೆಂಗಳೂರಿನಲ್ಲಿಯೂ ಸಿಕ್ಕುವುದು ಕಷ್ಟ.